ತಗ್ಗಿದ ತಲೆ

ಹುಡುಗಿ ಹಲ್ಲಿನ ಡಾಕ್ಟರು ಅಂದಾಗಲೇ ಹುಡುಗನ ತಾಯಿ ಮೂಗು ಮುರಿದಿದ್ದರು. ಅಷ್ಟು ಓದಿದವಳು ಎದುರುತ್ತರ ಕೊಡದೆ ಇರುತ್ತಾಳೆಯೇ? ಆದರೆ ಕಾಫಿ ತಂದುಕೊಟ್ಟು ಕೂತವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಹುಡುಗನ ತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಈ ಕಾಲದಲ್ಲೂ ಎಂಥ ವಿನಯ!"

"ನಮ್ಮವಳು ಮೊದಲಿಂದಲೂ ಹೀಗೇ," ಎಂದರು ಹುಡುಗಿಯ ತಾಯಿ.

"ನಮ್ಮನೆಗೆ ಬಂದ ಮೇಲೂ ಹೀಗೇ ತಲೆ ತಗ್ಗಿಸಿಕೊಂಡು ಇರ್ತೀಯಲ್ಲಮ್ಮ?"

"ಆಗಲ್ಲ ಆಂಟಿ," ಎಂದಳು ಹುಡುಗಿ, ನೆಲ ನೋಡುತ್ತಲೇ. "ದಿನವಿಡೀ ಜನರ ಬಾಯೊಳಗೆ ಬಗ್ಗಿ ನೋಡಿ ನೋಡಿ ಕುತ್ತಿಗೆ ಹಿಡ್ಕೊಂಡಿದೆ. ಫಿಸಿಯೋಥೆರಪಿಯವರು ಕ್ಲಿನಿಕ್ಕಿಗೇ ಬಂದು, ನಾನು ಕೂರೋದು, ಬಗ್ಗೋದು ಎಲ್ಲ ನೋಡಿ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮದುವೆ ಹೊತ್ತಿಗೆ ತಲೆ ಎತ್ತೇ ಎತ್ತುತ್ತೀನಿ."