ನೋವಿನ ಬಳೆ

ಹುಬ್ಬಳ್ಳಿಯ ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ರೋಗಿಯನ್ನು ಇಸಿಜಿಗೆ ಕಳಿಸುವ ಮೊದಲು ತರಬೇತಿಯ ವೈದ್ಯರು ನೋವು ದಾಟಿಸುವ ಜೋಡಿ ಬಳೆ ತೊಟ್ಟು ಅವರ ನೋವನ್ನು ಒಂದು ಗಳಿಗೆ ತಾವೇ ಅನುಭವಿಸಿ ನೋಡಬೇಕಿತ್ತು. ತರಬೇತಿಯಲ್ಲಿದ್ದ ನಿಶಾಂತ ಒಂದು ಬಳೆಯನ್ನು ರೋಗಿ ಕಸ್ತೂರೆವ್ವನ ಕೈಗೆ ತೊಡಿಸಿ, ಅದರ ಜೋಡಿಯನ್ನು ತಾನು ತೊಟ್ಟುಕೊಂಡ.

“ಮುಂಜಾನಿಂದ ಎದಿ ಹಿಂಡಿದಂಗ ಆಗತೈತ್ರಿ,” ಎಂದಳು ಅವಳು.

ಬಳೆಯ ಗುಂಡಿ ಒತ್ತಿದ್ದೇ ತಡ, ನಿಶಾಂತ ಎದೆ ಹಿಡಿದುಕೊಂಡು ಕುಸಿದ. ಕಸ್ತೂರೆವ್ವ ಮಂಚದಿಂದಿಳಿದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದಳು. ತನ್ನ ನೋವು ನೋಡುವವರಿಗೆ ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹಿರಿಯ ವೈದ್ಯೆ ವಸುಮತಿ ಬಂದು ಅವನ ಕೈಯ ಬಳೆ ಕಳಚಿದರು.

“ಜೀವಾ ಹೋಗೂವಂಥಾ ನೋವು, ಮೇಡಂ. ಲಗೂನ ಇಸಿಜಿ ಮಾಡಿಸೂಣ,” ಎಂದ ನಿಶಾಂತ.

ವಸುಮತಿ ಕಸ್ತೂರೆವ್ವನ ಕಡೆ ತಿರುಗಿದರು. “ಹೆಂಗ ಬಂದಿ, ಯವ್ವಾ?”

“ಬಸ್ಸಿನ್ಯಾಗರಿ. ರೊಟ್ಟಿ ಬಡದಿಟ್ಟು ಬರೂದ್ರಾಗ ತಡಾ ಆತ್ರಿ.”

“ಕೇಳಿದೇನೋ, ನಿಶಾಂತ? ಅಷ್ಟು ನೋವಿದ್ದಾಕಿ ರೊಟ್ಟಿ ಬಡೀತಾಳ? ನಿನಗ ಗಾಳಿ ಹಾಕ್ಕೋತ ಕುಂಡರತಾಳ?”

ಎದೆ ಇನ್ನೂ ನೋಯುತ್ತಿದ್ದರೂ ನಿಶಾಂತನಿಗೆ ಅದು ಸರಿಯೆನ್ನಿಸಿತು. ಬಳೆ ಕೆಟ್ಟಿದೆಯೆಂದು ರಿಪೇರಿಗೆ ಕಳಿಸಿದರು. ಕಸ್ತೂರೆವ್ವನಿಗೆ ಗ್ಯಾಸಿನ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು.