ಸ್ಟಾಪ್ ಪದದ ಹಳೆಯ ಅರ್ಥ

ದೋಣಿಯ ತಳದ ಹಲಗೆಗಳ ಸಂದಿ ಬಾಯಿಬಿಟ್ಟಿತ್ತು. ಅಂಬಿಗ ಜಟ್ಟೆಪ್ಪ ತನ್ನ ಅಂಗಿ ಬಿಚ್ಚಿ ತುರುಕಿದ. ನುಗ್ಗುವ ನೀರು ಅದನ್ನು ಮೇಲಕ್ಕೆ ತಳ್ಳಿತು. ಕೂಡಲಸಂಗಮದ ದಂಡೆ ಇನ್ನೂ ದೂರವಿತ್ತು. ಫರಹಾನಾಗೂ ಅವಳ ಅತ್ತೆ ಕಾಸಿಂಬಿಗೂ ಈಜು ಬರುತ್ತಿರಲಿಲ್ಲ.

ಸ್ಟಾಪ್ ಎಂದರೆ ನಿಲ್ಲಿಸು. ಆದರೆ ಸಂದಿಗೆ ನಾರು ಜಡಿದು ಮುಚ್ಚುವುದೇ ಅದರ ಹಳೆಯ ಅರ್ಥ, ಲ್ಯಾಟಿನ್ನಿನಲ್ಲಿ ನಾರಿನ ಚಿಂದಿಗಿದ್ದ ಹೆಸರಿನಿಂದ ಬಂದದ್ದು ಎಂದು ಫರಹಾನಾ ಹುನಗುಂದದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವಾಗ ಹೇಳಿದ್ದಳು. ‘ಬಸ್ ಸ್ಟಾಪಿನ್ಯಾಗ ನಾರ ಎಲ್ಲೈತ್ರಿ ಮೇಡಂ?’ ಎಂದು ಹುಡುಗರು ನಕ್ಕಿದ್ದರು. ಈಗ ಅವಳ ಕಣ್ಣು ಅತ್ತೆಯ ಮಡಿಲಿನ ಗಂಟಿನ ಮೇಲೆ ಬಿತ್ತು. ಮೊಮ್ಮಗಳು ಸಾಯಿಮಾಳ ಮದುವೆ ಸೀರೆಗೆಂದು ಬಣ್ಣ ಹಾಕಿಸಿ ತಂದ ಕೆಂಪು ಹತ್ತಿ ನೂಲು.

“ಅಮ್ಮಾ, ನೂಲ ಕೊಡ್ರಿ.”

“ಹುಚ್ಚ ಹಿಡದೈತೇನ? ಸಾಯಿಮಾನ ಸೀರಿದು ಇದು!”

“ಆಕಿ ಉಡೂದ ನೋಡಾಕ ನಾವ ಇರಬೇಕಲ್ರಿ!”

ಅತ್ತೆಯ ಹಿಡಿತ ಸಡಿಲಿ ಗಂಟು ಕೈಗೆ ಬಂತು. ಫರಹಾನಾ ಬೆರಳಿನಿಂದ ನೂಲನ್ನು ಸಂದಿಗೆ ಜಡಿದಳು. ನೀರು ಸಣ್ಣದಾಯಿತು, ಆದರೆ ನೂಲು ಮತ್ತೆ ಮೇಲೇಳತೊಡಗಿತು. “ಕಾಲಿಲೆ ಒತ್ತಿ ಹಿಡೀರಿ ಅಕ್ಕಾರ!” ಜಟ್ಟೆಪ್ಪ ಹುಟ್ಟು ಹಾಕುತ್ತಲೇ ಕೂಗಿದ. ಅವಳು ಎತ್ತಿದ ಕಾಲನ್ನು ಊರಲಾರದೆ ಹೋದಳು. ಅತ್ತೆಯದು ಇಳಕಲ್ಲಿನ ನೇಕಾರರ ಮನೆ; ಅಲ್ಲಿ ನೂಲಿಗೆ ಯಾರೂ ಕಾಲು ತಾಗಿಸುವುದಿಲ್ಲ. ಸೊಸೆಯಾಗಿ ಬಂದ ಹೊಸತರಲ್ಲಿ ನೂಲಿನ ಲಡಿಯೊಂದನ್ನು ದಾಟಿದ್ದಕ್ಕೇ ಅತ್ತೆ ಅವಳೊಂದಿಗೆ ಮಾತು ಬಿಟ್ಟಿದ್ದಳು.

ಕಾಸಿಂಬಿ ಅವಳನ್ನು ಪಕ್ಕಕ್ಕೆ ಸರಿಸಿದಳು. ನೂಲನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಚಪ್ಪಲಿ ಕಳಚಿ, ಬರಿಯ ಹಿಮ್ಮಡಿಯನ್ನು ಅದರ ಮೇಲೆ ಊರಿ, ಮೈಭಾರವನ್ನೆಲ್ಲ ಬಿಟ್ಟಳು.