ಎಂಬತ್ತೇಳನೇ ಚುಕ್ಕೆ

ನಾಲ್ಕು ಗಂಟೆಗೆ ಪಟ್ಟಿ ಹೋಗಬೇಕು. ಆಗಲೇ ಮೂರು ಹತ್ತು. ವಾಣಿಶ್ರೀ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪರದೆಯ ಮೇಲಿನ ಇನ್ನೂರ ಹನ್ನೆರಡು ಕೆಂಪು ಚುಕ್ಕೆಗಳನ್ನು ನೋಡುತ್ತಿದ್ದಳು. ಒಂದೊಂದು ಚುಕ್ಕೆಯೂ ಉತ್ತರ ಪ್ರದೇಶದ ಒಂದು ಸಣ್ಣ ಊರಿನ ಸುತ್ತ ಯಾರೋ ಕೊಯ್ದ ಭತ್ತದ ಕೂಳೆಗೆ ಇಟ್ಟ ಬೆಂಕಿ. ಉಪಗ್ರಹ ಕಂಡ ಬೆಂಕಿಯನ್ನು ಅಮೆರಿಕದ ಮೆನ್ಲೋ ಪಾರ್ಕಿನ ಅವಳ ಆಫೀಸಿನ ಪ್ರೋಗ್ರಾಮು ಜಮೀನಿನ ಯಜಮಾನನ ಹೆಸರಿಗೆ ಜೋಡಿಸುತ್ತದೆ. ಗುರುವಾರ ಗುರುವಾರ ಆ ಹೆಸರುಗಳು ಅಲ್ಲಿನ ಸರ್ಕಾರಿ ಕಚೇರಿಗೆ ಹೋಗುತ್ತವೆ. ಬೆಳಗಾದರೆ ಹೆಸರಿದ್ದವನ ಮನೆ ಮುಂದೆ ಪೊಲೀಸ್ ಜೀಪು ನಿಲ್ಲುತ್ತದೆ.

ನವೆಂಬರ್ ಬಂತೆಂದರೆ ಆ ಊರಿನಲ್ಲಿ ಹೊಗೆ ಕವಿದು ಲಾರಿಗಳು ಹಗಲಲ್ಲೇ ದೀಪ ಹಾಕಿಕೊಂಡು ಓಡುತ್ತವಂತೆ, ಶಾಲೆಗೆ ವಾರಗಟ್ಟಲೆ ರಜೆಯಂತೆ. ಇದು ಪುಣ್ಯದ ಕೆಲಸ ಎಂದೇ ವಾಣಿಶ್ರೀಯ ನಂಬಿಕೆ. ಅದು ಸುಳ್ಳೂ ಅಲ್ಲ.

ಮಂಡ್ಯದ ಕಡೆಯಿಂದ ಬಂದು ಆರು ವಾರವಾಗಿದ್ದ ಅವಳ ಅತ್ತೆ ಲಿಂಗಮ್ಮ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದರು. ಬೆಳಿಗ್ಗೆ ಸಾಂಬ್ರಾಣಿ ಹಾಕಲು ಹೋಗಿ ಸ್ಮೋಕ್ ಅಲಾರಂ ಕೂಗಿಸಿ, ಪಕ್ಕದ ಅಪಾರ್ಟ್‌ಮೆಂಟಿನವರು ಬಂದು ಬಾಗಿಲು ತಟ್ಟಿದ ಮೇಲೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಇದೇನವ್ವ, ಮೈಮ್ಯಾಲೆ ಅಮ್ಮ ಎದ್ದಂಗದೆ?" ಎಂದು ಪರದೆಯತ್ತ ಬಗ್ಗಿದರು. "ಬೆಂಕಿ ಇದ್ದ ಕಡೆ ಚುಕ್ಕೆ ಅಂದಿದ್ದಲ್ಲ, ನಮ್ಮನೆ ಮ್ಯಾಲೂ ಒಂದು ಬಿತ್ತಾ ಬೆಳಿಗ್ಗೆ?"

"ಇದು ಗದ್ದೆ ಸುಟ್ಟವರ ಲಿಸ್ಟು ಅತ್ತೆ. ಈ ಎಂಬತ್ತೇಳನೇದು ನೋಡಿ, ಸತ್ಪಾಲ್ ಅಂತ. ಒಂದೇ ಜಾಗದಲ್ಲಿ ಹನ್ನೊಂದು ದಿನ ಬೆಂಕಿ. ಹೋದ ವಾರದ ಲಿಸ್ಟಲ್ಲೂ ಇದ್ದ, ವಾರ್ನಿಂಗ್ ಕೊಟ್ಟಿದ್ದಾರೆ. ಈ ಸಲ ಕೇಸೇ ಆಗುತ್ತೆ."

"ಹನ್ನೊಂದು ದಿನ ಏನುರಿದದವ್ವ ಗದ್ದೇಲಿ? ಕಡ್ಡಿ ಗೀರಿ ಬದು ಸುತ್ತಿ ಬರೋದ್ರೊಳಗೆ ಕೂಳೆ ಬೂದಿಯಾಯ್ತದೆ. ಒಂಚೂರು ದೊಡ್ಡದು ಮಾಡು."

ವಾಣಿಶ್ರೀ ಚಿತ್ರ ಹಿಗ್ಗಿಸಿದಳು. ಒಂದು ತಗಡಿನ ಮಾಡು, ಸುತ್ತ ನೆಲದ ಮೇಲೆ ಹರವಿದ ಬಿಳಿಚಿಕೊಂಡ ಏನೋ ಒಂದು, ಸಾಲಾಗಿ ನಿಂತ ಗಾಡಿಗಳು.

"ಇದು ಆಲೆಮನೆ ಕಣವ್ವ. ಕಬ್ಬಿನ ಸಿಪ್ಪೆ ಒಣಗಾಕವ್ರೆ ನೋಡು. ಬೆಲ್ಲ ಕಾಯಿಸೋ ಒಲೆ ಅದು."

ಬಸವನಗುಡಿಯಲ್ಲಿ ಬೆಳೆದ ವಾಣಿಶ್ರೀಗೆ ಬೆಲ್ಲ ಅಂಗಡಿಯಿಂದ ಬರುತ್ತದೆ ಎಂಬುದಷ್ಟೇ ಗೊತ್ತಿತ್ತು. "ದಿನಾ ಉರಿಸ್ತಾರಾ?" ಎಂದಳು.

"ಹಗಲೂ ರಾತ್ರೀನೂ. ಕಡ್ದ ಕಬ್ಬು ರಾಶಿ ಬಿದ್ದಿರ್ತದೆ, ಬುಟ್ರೆ ಕೆಟ್ಟೋಯ್ತದೆ. ನಮ್ಮ ಮಾವ ತೀರ್ಕಂಡ ದಿನವೂ ನಮ್ಮ ಆಲೆಮನೆ ಒಲೆ ಆರಿಸ್ನಿಲ್ಲ. ಹೆಣ ಒಂದ್ಕಡೆ, ಕೊಪ್ಪರಿಗೆ ಒಂದ್ಕಡೆ."

"ಒಲೇದಾದರೂ ಹೊಗೆ ಹೊಗೇನೇ ಅಲ್ವಾ ಅತ್ತೆ?" ಎಂದಳು ವಾಣಿಶ್ರೀ. ಆದರೆ ದನಿಯಲ್ಲಿ ಕಸುವಿರಲಿಲ್ಲ.

"ಹೊಗೇನೇಯ. ಅದ್ನೇ ಬರಿ, ಬ್ಯಾಡ ಅಂದೋರ್ಯಾರು? ಗದ್ದೆ ಸುಟ್ಟ ಅಂತ ಯಾಕೆ ಬರೀತೀಯ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗಾಯ್ತು."

ಒಂದೇ ಜಾಗದಲ್ಲಿ ಮೂರು ದಿನಕ್ಕಿಂತ ಹೆಚ್ಚು ಉರಿದವೆಷ್ಟು ಎಂದು ಹುಡುಕಿದಳು. ಹತ್ತೊಂಬತ್ತು. ಒಂದೊಂದನ್ನೂ ಹಿಗ್ಗಿಸಿದಂತೆಲ್ಲ ಅದೇ ಮಾಡು, ಅದೇ ಹರವಿದ ಸಿಪ್ಪೆ. ಎದ್ದು ನಿಂತೇ ಟೀಮಿನ ಮುಖ್ಯಸ್ಥ ಲೋಹಿತನಿಗೆ ಫೋನು ಮಾಡಿದಳು.

"ಹತ್ತೊಂಬತ್ತು ಡಾಟ್ಸ್ ತಪ್ಪು ಲೋಹಿತ್. ಅವು ಬೆಲ್ಲದ ಒಲೆಗಳು."

"ಯಾರು ಹೇಳಿದ್ದು?"

"ನಮ್ಮತ್ತೆ."

"ವಾಣಿ, ಡೆಡ್‌ಲೈನಿಗೆ ಅರ್ಧ ಗಂಟೆ ಇಲ್ಲ. ಮುಂದಿನ ವಾರ ನೋಡೋಣ."

"ಮುಂದಿನ ವಾರ ಅವರೆಲ್ಲ ಸ್ಟೇಷನ್ನಲ್ಲಿ ಇರ್ತಾರೆ. ಅವರ ಹೆಸರು ತೆಗೀದೆ ಇವತ್ತು ನಾನು ಲಿಸ್ಟು ಕಳಿಸಲ್ಲ."

ಅವನು ಗೊಣಗಿದ, ಕೊನೆಗೆ ಒಪ್ಪಿದ. ಪಟ್ಟಿಯಿಂದ ಹತ್ತೊಂಬತ್ತು ಹೆಸರು ಅಳಿಸಿದಾಗ ಗಂಟೆ ಮೂರು ನಲವತ್ತಾರು. ನಕ್ಷೆಯ ಮೇಲೆ ಚುಕ್ಕೆಗಳು ಹಾಗೇ ಇದ್ದವು. ಇರಲಿ, ಬೆಂಕಿಯಂತೂ ಇದೆಯಲ್ಲ ಎಂದುಕೊಂಡಳು. "ಸತ್ಪಾಲ್ ಉಳ್ಕೊಂಡ ಅತ್ತೆ," ಎಂದು ಕುರ್ಚಿಗೆ ಒರಗಿದಳು. ಲಿಂಗಮ್ಮ ಖುಷಿಯಿಂದ ಕಾಫಿ ಮಾಡಲು ಹೋದರು.

ಮೂರು ಐವತ್ತೆರಡಕ್ಕೆ ಉಪಗ್ರಹದ ಹೊಸ ಚಿತ್ರ ಬಂದು ನಕ್ಷೆ ಬದಲಾಯಿತು. ಎಂಬತ್ತೇಳನೇ ಚುಕ್ಕೆ ಹಸಿರಾಗಿತ್ತು. ಹಿಂದೆಯೇ ಲೋಹಿತನ ಮೆಸೇಜು: "ಎಂಬತ್ತೇಳು ನೋಡಿದ್ಯಾ? ಒಲೆಯೋ ಗದ್ದೆಯೋ, ನಮ್ಮ ಹೋದ ವಾರದ ಲಿಸ್ಟು ಕೆಲಸ ಮಾಡಿದೆ. ಫಸ್ಟ್ ಸಕ್ಸೆಸ್. ಸೋಮವಾರದ ಮೀಟಿಂಗಲ್ಲಿ ತೋರಿಸೋಣ."

ಲಿಂಗಮ್ಮ ಕಾಫಿ ಲೋಟ ಹಿಡಿದು ಬಂದರು. "ನಮ್ಮೋನು ಹಸುರಾಗವ್ನಲ್ಲವ್ವ. ಒಳ್ಳೇದಾ?"

ವಾಣಿಶ್ರೀಗೆ ತಲೆ ಎತ್ತಲಾಗಲಿಲ್ಲ. "ಒಲೆ ಆರಿದೆ ಅಂತ ಅತ್ತೆ."

ಲಿಂಗಮ್ಮ ಲೋಟವನ್ನು ಮೇಜಿನ ಮೇಲಿಟ್ಟು ಆ ಹಸಿರು ಚುಕ್ಕೆಯನ್ನೇ ನೋಡಿದರು.

"ಹೆಣ ಮನೇಲಿದ್ರೂ ಆರಿಸಲ್ಲ ಕಣವ್ವ," ಎಂದರು.